ಪ್ರಕಾರ್ಯಾತ್ಮಕ ವ್ಯಾಕರಣ: ಶಿವಮೊಗ್ಗ–ಭದ್ರಾವತಿಯ ಕನ್ನಡದ ಹಿನ್ನೆಲೆಯಲ್ಲಿ ಒಂದು ಪ್ರವೇಶ

೧. ಪೀಠಿಕೆ

ಕನ್ನಡ ವ್ಯಾಕರಣವೆಂದರೆ ಸಂಧಿ, ಸಮಾಸ, ವಿಭಕ್ತಿ, ಕಾಲ, ಕೃದಂತ, ತದ್ಧಿತಗಳ ಪಟ್ಟಿ ಎಂಬ ಗ್ರಹಿಕೆ ನಮ್ಮ ಶಾಲಾಕಾಲೇಜುಗಳಲ್ಲಿ ಬಲವಾಗಿ ಬೇರೂರಿದೆ. ಒಂದು ಪದ ಹೇಗೆ ರೂಪ ತಳೆಯುತ್ತದೆ ಎಂಬುದನ್ನು ಈ ಪಟ್ಟಿಗಳು ತಿಳಿಸುತ್ತವೆ. ಆದರೆ ಭಾಷೆ ಒದಗಿಸುವ ಹಲವು ರೂಪಗಳ ನಡುವೆ ಆಡುವವರು ಒಂದನ್ನೇ ಏಕೆ ಆರಿಸಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ದೊರೆಯುವುದಿಲ್ಲ. ಶಿವಮೊಗ್ಗದ ಕೃಷಿ ಮಾರುಕಟ್ಟೆಗೆ ಬಂದ ಬೆಳೆಗಾರನೊಬ್ಬ ‘ಅಡಿಕೆ ಮಾರಿದೆ’ ಎನ್ನಬಹುದು, ‘ಅಡಿಕೆಯನ್ನು ಮಾರಿದೆ’ ಎಂದೂ ಹೇಳಬಹುದು. ಶಾಲಾ ವ್ಯಾಕರಣದ ಪ್ರಕಾರ ಮೊದಲನೆಯದರಲ್ಲಿ ದ್ವಿತೀಯಾ ವಿಭಕ್ತಿ ಪ್ರತ್ಯಯ ಲೋಪವಾಗಿದೆ, ಎರಡನೆಯದರಲ್ಲಿ ಇದೆ. ಇಷ್ಟಕ್ಕೆ ವಿವರಣೆ ಮುಗಿಯುತ್ತದೆ. ಆದರೆ ಕೇಳುವವನ ಪಾಲಿಗೆ ಈ ಎರಡು ವಾಕ್ಯಗಳು ಒಂದೇ ಅಲ್ಲ. ಮೊದಲನೆಯದು ಆತ ಮಾಡಿದ ಕೆಲಸವನ್ನು ಹೇಳುತ್ತದೆ; ಎರಡನೆಯದು ಇಬ್ಬರಿಗೂ ಗೊತ್ತಿರುವ ಯಾವುದೋ ಅಡಿಕೆಗೆ ಏನಾಯಿತೆಂಬುದನ್ನು ಹೇಳುತ್ತದೆ. ಲೋಪವೆಂದು ಕರೆದುದು ವಾಸ್ತವವಾಗಿ ಒಂದು ಆಯ್ಕೆ.

ಇಂತಹ ಆಯ್ಕೆಗಳನ್ನೇ ವ್ಯಾಕರಣದ ಕೇಂದ್ರಕ್ಕೆ ತರುವ ಅಧ್ಯಯನ ಕ್ರಮವನ್ನು ಪ್ರಕಾರ್ಯಾತ್ಮಕ ವಿಧಾನ ಎನ್ನಲಾಗುತ್ತದೆ. ಇಂಗ್ಲಿಷಿನ ‘ಫಂಕ್ಷನ್’ ಎಂಬ ಪದಕ್ಕೆ ಕನ್ನಡದಲ್ಲಿ ಕಾರ್ಯ, ಕ್ರಿಯೆ, ಪ್ರಕಾರ್ಯ ಎಂಬ ಪರ್ಯಾಯಗಳು ಬಳಕೆಯಲ್ಲಿವೆ. ವ್ಯಾಕರಣದಲ್ಲಿ ‘ಕ್ರಿಯೆ’ಗೆ ಈಗಾಗಲೇ ಬೇರೊಂದು ನಿಶ್ಚಿತಾರ್ಥವಿರುವುದರಿಂದ ಈ ಲೇಖನದಲ್ಲಿ ‘ಪ್ರಕಾರ್ಯ’ ಎಂಬುದನ್ನೇ ಬಳಸಲಾಗಿದೆ. ಒಂದು ಭಾಷಾರೂಪವು ಸಂವಹನದಲ್ಲಿ ನಿರ್ವಹಿಸುವ ಕೆಲಸ ಎಂಬುದು ಇದರ ಅರ್ಥ.

ತುಂಗೆಯ ದಡದ ಶಿವಮೊಗ್ಗ ಮತ್ತು ಭದ್ರೆಯ ದಡದ ಭದ್ರಾವತಿ ಒಂದಕ್ಕೊಂದು ಸಮೀಪದಲ್ಲಿರುವ ಊರುಗಳಾದರೂ ಅವುಗಳ ಭಾಷಾಪರಿಸರಗಳು ಭಿನ್ನವಾಗಿವೆ. ಶಿವಮೊಗ್ಗ ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಮಾರುಕಟ್ಟೆ ಮತ್ತು ಜಿಲ್ಲಾಡಳಿತದ ಕೇಂದ್ರ. ಭದ್ರಾವತಿ ಇಪ್ಪತ್ತನೆಯ ಶತಮಾನದಲ್ಲಿ ಕೈಗಾರಿಕೆಯಿಂದ ಬೆಳೆದ, ಹಲವು ಮನೆಮಾತುಗಳ ಪಟ್ಟಣ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ೧೯೮೭ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯವಿದೆ. ಗ್ರಂಥಸ್ಥ ಕನ್ನಡ ಹಾಗೂ ಆಡುಗನ್ನಡಗಳನ್ನು ಎರಡು ಶೈಲಿಗಳಾಗಿ ವಿವರಿಸಿ ೧೯೬೭ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥ ಪ್ರಕಟಿಸಿದ ಹಾ.ಮಾ. ನಾಯಕರು ಇದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನವರು. ಮಾರುಕಟ್ಟೆ, ಕಚೇರಿ, ಕಾರ್ಖಾನೆ, ತರಗತಿ ಎಂಬ ನಾಲ್ಕು ಬಗೆಯ ಸಂದರ್ಭಗಳು ಇಷ್ಟು ಹತ್ತಿರದಲ್ಲಿ ಸಿಗುವ ಕಾರಣ ಪ್ರಕಾರ್ಯಾತ್ಮಕ ವಿಧಾನವನ್ನು ಪರಿಚಯಿಸಲು ಈ ಪ್ರದೇಶ ತಕ್ಕದ್ದಾಗಿದೆ. ಮುಂದೆ ಬರುವ ವಾಕ್ಯಗಳು ಇಂತಹ ಸಂದರ್ಭಗಳ ನಿತ್ಯಬಳಕೆಯನ್ನು ಅನುಸರಿಸಿ ವಿವರಣೆಗಾಗಿ ರಚಿಸಿಕೊಂಡವು.

೨. ಚಿಂತನೆಯ ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಭಾಷಾವಿಜ್ಞಾನದಲ್ಲಿ ಎರಡು ಪ್ರಧಾನ ನಿಲುವುಗಳನ್ನು ಗುರುತಿಸಬಹುದು. ಭಾಷೆ ಒಂದು ಸ್ವಯಂಪೂರ್ಣ ರಚನೆ, ಬಳಕೆಯನ್ನು ಬದಿಗಿಟ್ಟು ಅದರ ನಿಯಮಗಳನ್ನು ವಿವರಿಸಬಹುದು ಎಂಬುದು ಮೊದಲನೆಯದು. ೧೯೫೭ರಲ್ಲಿ ನೋಮ್ ಚಾಮ್‌ಸ್ಕಿಯವರ ‘ಸಿಂಟ್ಯಾಕ್ಟಿಕ್ ಸ್ಟ್ರಕ್ಚರ್ಸ್’ ಪ್ರಕಟವಾದ ಬಳಿಕ ಈ ನಿಲುವು ಬಹಳ ಪ್ರಭಾವಶಾಲಿಯಾಯಿತು. ಎ.ಕೆ. ರಾಮಾನುಜನ್ ಅವರು ೧೯೬೩ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧವು ಕನ್ನಡವನ್ನು ಈ ಉತ್ಪಾದಕ ವ್ಯಾಕರಣದ ಚೌಕಟ್ಟಿನಲ್ಲಿ ವಿವರಿಸಿತು. ಭಾಷೆಯ ರಚನೆ ಅದರ ಬಳಕೆಯಿಂದಲೇ ರೂಪುಗೊಂಡಿದೆ, ಆದ್ದರಿಂದ ಬಳಕೆಯನ್ನು ಬಿಟ್ಟು ರಚನೆಯನ್ನು ವಿವರಿಸಲಾಗದು ಎಂಬುದು ಎರಡನೆಯ ನಿಲುವು. ಪ್ರಕಾರ್ಯಾತ್ಮಕ ವಿಧಾನಗಳೆಲ್ಲ ಈ ಎರಡನೆಯ ವರ್ಗಕ್ಕೆ ಸೇರುತ್ತವೆ.

ಈ ನಿಲುವಿಗೆ ವ್ಯವಸ್ಥಿತ ರೂಪ ಬಂದುದು ೧೯೨೬ರಲ್ಲಿ ಆರಂಭವಾದ ಪ್ರಾಗ್ ಭಾಷಾವಿಜ್ಞಾನ ವೃತ್ತದಲ್ಲಿ. ಅದರ ಪ್ರವರ್ತಕ ವಿಲೆಮ್ ಮಥೇಸಿಯಸ್ ವಾಕ್ಯವನ್ನು ಎರಡು ಭಾಗಗಳಾಗಿ ನೋಡಿದರು: ಕೇಳುವವರಿಗೆ ತಿಳಿದಿರುವ, ಮಾತಿಗೆ ಆಧಾರವಾಗುವ ಭಾಗ, ಅದರ ಬಗ್ಗೆ ಹೊಸದಾಗಿ ತಿಳಿಸುವ ಭಾಗ. ೧೯೩೪ರಲ್ಲಿ ಕಾರ್ಲ್ ಬ್ಯೂಲರ್ ಭಾಷೆಗೆ ನಿರೂಪಣೆ, ಅಭಿವ್ಯಕ್ತಿ, ಆಹ್ವಾನ ಎಂಬ ಮೂರು ಪ್ರಕಾರ್ಯಗಳನ್ನು ಹೇಳಿದರು. ಪ್ರಾಗ್ ವೃತ್ತದವರೇ ಆಗಿದ್ದ ರೋಮನ್ ಯಾಕಬ್ಸನ್ ೧೯೬೦ರಲ್ಲಿ ಅವುಗಳನ್ನು ಆರಕ್ಕೆ ವಿಸ್ತರಿಸಿದರು.

ಇದೇ ಕಾಲದಲ್ಲಿ ಬ್ರಿಟನ್ನಿನಲ್ಲಿ ಬೇರೊಂದು ಧಾರೆ ಬೆಳೆಯಿತು. ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಾಲಿನೋವ್‌ಸ್ಕಿ ೧೯೨೩ರ ತಮ್ಮ ಪ್ರಬಂಧವೊಂದರಲ್ಲಿ, ಮಾತಿನ ಅರ್ಥವನ್ನು ಅದು ಹುಟ್ಟಿದ ಸನ್ನಿವೇಶದಿಂದ ಬೇರ್ಪಡಿಸಲಾಗದೆಂದು ವಾದಿಸಿದರು. ಲಾಹೋರಿನಲ್ಲಿ ಕೆಲವು ವರ್ಷ ಅಧ್ಯಾಪಕರಾಗಿದ್ದ ಜೆ.ಆರ್. ಫರ್ತ್ ‘ಸನ್ನಿವೇಶ ಸಂದರ್ಭ’ವೆಂಬ ಈ ಪರಿಕಲ್ಪನೆಯನ್ನು ಭಾಷಾವಿಜ್ಞಾನಕ್ಕೆ ತಂದರು. ಅವರ ಶಿಷ್ಯ ಎಂ.ಎ.ಕೆ. ಹ್ಯಾಲಿಡೇ ೧೯೮೫ರಲ್ಲಿ ಪ್ರಕಟಿಸಿದ ‘ಆ್ಯನ್ ಇಂಟ್ರೊಡಕ್ಷನ್ ಟು ಫಂಕ್ಷನಲ್ ಗ್ರಾಮರ್’ ಈ ಧಾರೆಯ ಪ್ರಮುಖ ಗ್ರಂಥ. ಪ್ರತಿಯೊಂದು ವಾಕ್ಯವೂ ಏಕಕಾಲದಲ್ಲಿ ಮೂರು ಕೆಲಸಗಳನ್ನು ಮಾಡುತ್ತದೆ ಎಂಬುದು ಅವರ ಮುಖ್ಯ ಪ್ರತಿಪಾದನೆ. ಅದು ಲೋಕಾನುಭವವನ್ನು ನಿರೂಪಿಸುತ್ತದೆ; ಆಡುವವರ ಮತ್ತು ಕೇಳುವವರ ಸಂಬಂಧವನ್ನು ನೆಲೆಗೊಳಿಸುತ್ತದೆ; ಹಿಂದಿನ ಮಾತಿಗೆ ತನ್ನನ್ನು ಹೊಂದಿಸಿಕೊಂಡು ಪಠ್ಯವಾಗುತ್ತದೆ. ನೆದರ್‌ಲ್ಯಾಂಡ್ಸಿನ ಸೈಮನ್ ಡಿಕ್ ೧೯೭೮ರಲ್ಲಿ ಇನ್ನೊಂದು ಪ್ರಕಾರ್ಯಾತ್ಮಕ ವ್ಯಾಕರಣವನ್ನು ರೂಪಿಸಿದರು. ಅಮೆರಿಕದಲ್ಲಿ ಟಾಲ್ಮಿ ಗಿವೋನ್, ಪಾಲ್ ಹಾಪರ್, ಸ್ಯಾಂಡ್ರಾ ಥಾಮ್ಸನ್ ಮೊದಲಾದವರು ಹಲವು ಭಾಷೆಗಳ ಸಂಕಥನವನ್ನು ಪರಿಶೀಲಿಸಿ, ಬಳಕೆಯ ಅಗತ್ಯಗಳೇ ಕಾಲಾಂತರದಲ್ಲಿ ವ್ಯಾಕರಣದ ನಿಯಮಗಳಾಗಿ ಗಟ್ಟಿಗೊಳ್ಳುತ್ತವೆ ಎಂಬ ನಿಲುವನ್ನು ಬೆಳೆಸಿದರು.

ಭಾರತೀಯ ವ್ಯಾಕರಣ ಪರಂಪರೆಗೆ ಈ ವಿಚಾರ ತೀರ ಹೊಸದಲ್ಲ. ಪಾಣಿನೀಯ ಪರಂಪರೆಯಲ್ಲಿ ಕಾರಕವು ವಸ್ತುವಿನ ಸ್ಥಿರ ಗುಣವಲ್ಲ, ಹೇಳುವವನ ವಿವಕ್ಷೆಯನ್ನು ಅವಲಂಬಿಸಿದುದು ಎಂಬ ತತ್ತ್ವಕ್ಕೆ ಮನ್ನಣೆಯಿದೆ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’, ೧೬೦೪ರ ಭಟ್ಟಾಕಳಂಕನ ‘ಕರ್ಣಾಟಕ ಶಬ್ದಾನುಶಾಸನ’ಗಳು ಕನ್ನಡದ ರೂಪಗಳನ್ನು ಸೂಕ್ಷ್ಮವಾಗಿ ಗಮನಿಸಿವೆ. ಆದರೆ ನಮ್ಮ ಪಠ್ಯಪುಸ್ತಕಗಳು ಈ ಪರಂಪರೆಯಿಂದ ವರ್ಗೀಕರಣವನ್ನು ಮಾತ್ರ ಉಳಿಸಿಕೊಂಡು ವಿವಕ್ಷೆಯನ್ನು ಕೈಬಿಟ್ಟವು. ಪಂಚಮಿಗೆ ‘ದೆಸೆಯಿಂದ’ ಎಂಬ ಪ್ರತ್ಯಯವನ್ನು ಕಂಠಪಾಠ ಮಾಡಿದ ವಿದ್ಯಾರ್ಥಿ ಅದನ್ನು ತನ್ನ ಮಾತಿನಲ್ಲಿ ಒಮ್ಮೆಯೂ ಬಳಸಿರುವುದಿಲ್ಲ. ಡಿ.ಎನ್. ಶಂಕರ ಭಟ್ಟರು ೨೦೦೦ದಲ್ಲಿ ಪ್ರಕಟವಾದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಕೃತಿಯಲ್ಲಿ ಇಂತಹ ವೈರುಧ್ಯಗಳನ್ನು ಚರ್ಚೆಗೆ ತಂದರು.

೩. ಪದಕ್ರಮದ ಪ್ರಕಾರ್ಯ

ಕನ್ನಡದಲ್ಲಿ ಪದಕ್ರಮ ಸ್ವತಂತ್ರವೆಂದು, ಕರ್ತೃ, ಕರ್ಮ, ಕ್ರಿಯಾಪದ ಎಂಬುದು ಅದರ ಸಹಜ ಕ್ರಮವೆಂದು ಹೇಳುವುದು ರೂಢಿ. ‘ಸ್ವತಂತ್ರ’ ಎಂಬ ಮಾತು ತಪ್ಪು ತಿಳಿವಳಿಕೆಗೆ ಎಡೆಮಾಡಿಕೊಡುತ್ತದೆ. ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಕೇಳಬಹುದಾದ ಎರಡು ಪ್ರಶ್ನೆಗಳನ್ನು ಗಮನಿಸೋಣ. ‘ಭದ್ರಾವತಿ ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ?’ ಎಂಬುದಕ್ಕೆ ‘ಭದ್ರಾವತಿ ಬಸ್ಸು ಹತ್ತು ಗಂಟೆಗೆ ಹೊರಡುತ್ತದೆ’ ಎಂಬ ಉತ್ತರ ಸಹಜ. ‘ಹತ್ತು ಗಂಟೆಗೆ ಯಾವ ಬಸ್ಸು ಹೊರಡುತ್ತದೆ?’ ಎಂಬುದಕ್ಕೆ ‘ಹತ್ತು ಗಂಟೆಗೆ ಭದ್ರಾವತಿ ಬಸ್ಸು ಹೊರಡುತ್ತದೆ’ ಎಂಬುದೇ ಸಹಜ. ಉತ್ತರಗಳನ್ನು ಅದಲುಬದಲು ಮಾಡಿದರೆ ವಾಕ್ಯಗಳು ಅಶುದ್ಧವಾಗುವುದಿಲ್ಲ. ಆದರೆ ಕೇಳಿದ ಪ್ರಶ್ನೆಗೆ ಅವು ಸರಿಯಾಗಿ ಹೊಂದುವುದಿಲ್ಲ. ತಿಳಿದ ಸಂಗತಿ ವಾಕ್ಯದ ಆರಂಭದಲ್ಲಿಯೂ ಕೇಳುವವರಿಗೆ ಬೇಕಾದ ಹೊಸ ಸಂಗತಿ ಕ್ರಿಯಾಪದಕ್ಕೆ ತಗಲಿದ ಸ್ಥಾನದಲ್ಲಿಯೂ ಬರುತ್ತವೆ ಎಂಬುದು ಇಲ್ಲಿನ ಸೂತ್ರ. ‘ಯಾವ’, ‘ಎಷ್ಟು’ ಎಂಬ ಪ್ರಶ್ನಾರ್ಥಕಗಳು ಸಾಮಾನ್ಯವಾಗಿ ಕ್ರಿಯಾಪದದ ಸಮೀಪದಲ್ಲಿಯೇ ನಿಲ್ಲುವುದಕ್ಕೂ ಇದೇ ಕಾರಣ.

ಕ್ರಿಯಾಪದದ ನಂತರದ ಸ್ಥಾನಕ್ಕೂ ಪ್ರಕಾರ್ಯವಿದೆ. ‘ಹೊರಟುಹೋಯಿತು, ಭದ್ರಾವತಿ ಬಸ್ಸು’ ಎನ್ನುವಾಗ ಯಾವ ಬಸ್ಸೆಂಬುದು ಕೇಳುವವರಿಗೆ ಬಹುಮಟ್ಟಿಗೆ ತಿಳಿದೇ ಇದೆ. ತುರ್ತಾದ ಸುದ್ದಿಯನ್ನು ಮೊದಲು ಹೇಳಿ, ಖಚಿತತೆಗಾಗಿ ತಿಳಿದ ಅಂಶವನ್ನು ಕೊನೆಗೆ ಸೇರಿಸಲಾಗಿದೆ. ಈ ರಚನೆಯನ್ನು ಬರಹದಲ್ಲಿ ದೋಷವೆಂದು ತಿದ್ದುವವರು ಮಾತಿನಲ್ಲಿ ದಿನಕ್ಕೆ ಹಲವು ಬಾರಿ ಬಳಸುತ್ತಾರೆ.

ಶಂಕರ ಭಟ್ಟರು ವ್ಯಾಕರಣ ಸಂಬಂಧಗಳನ್ನು ಕುರಿತು ೧೯೯೧ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥದ ವಾದ ಈ ಸಂದರ್ಭದಲ್ಲಿ ಮುಖ್ಯವಾದುದು. ಯಾರು ಏನು ಮಾಡಿದರು ಎಂಬ ಅರ್ಥಸಂಬಂಧ ಒಂದು; ಯಾವುದರ ಬಗ್ಗೆ ಮಾತು, ಯಾವುದು ಹೊಸತು ಎಂಬ ಸಂವಹನಸಂಬಂಧ ಇನ್ನೊಂದು. ಇಂಗ್ಲಿಷಿನಲ್ಲಿ ಈ ಎರಡೂ ‘ಸಬ್ಜೆಕ್ಟ್’ ಎಂಬ ಒಂದೇ ಸ್ಥಾನದಲ್ಲಿ ಬೆಸೆದುಕೊಂಡಿವೆ. ಕನ್ನಡದಲ್ಲಿ ಅವು ಬೇರೆಬೇರೆಯಾಗಿಯೇ ಉಳಿದಿವೆ: ಅರ್ಥಸಂಬಂಧವನ್ನು ವಿಭಕ್ತಿಗಳು ನೋಡಿಕೊಳ್ಳುತ್ತವೆ, ಸಂವಹನಸಂಬಂಧವನ್ನು ಪದಕ್ರಮ ನೋಡಿಕೊಳ್ಳುತ್ತದೆ. ಹೀಗಾಗಿ ‘ಸಬ್ಜೆಕ್ಟ್’ ಎಂಬುದನ್ನು ಎಲ್ಲ ಭಾಷೆಗಳಿಗೂ ಸಮಾನವಾದ ಪರಿಕಲ್ಪನೆಯೆಂದು ಭಾವಿಸುವ ಅಗತ್ಯವಿಲ್ಲ. ಸೇತುವೆಯ ಬಗ್ಗೆ ಮಾತು ನಡೆಯುತ್ತಿದ್ದರೆ ಇಂಗ್ಲಿಷ್ ಭಾಷಿಕರು ಕರ್ಮಣಿ ಪ್ರಯೋಗಕ್ಕೆ ಮೊರೆಹೋಗುತ್ತಾರೆ. ಕನ್ನಡಿಗರು ‘ಈ ಸೇತುವೆಯನ್ನು ನಮ್ಮ ಊರಿನವರೇ ಕಟ್ಟಿದರು’ ಎಂದು ಕರ್ಮಪದವನ್ನು ಮುಂದಕ್ಕೆ ತಂದರೆ ಸಾಕು. ಆಡುಗನ್ನಡದಲ್ಲಿ ಕರ್ಮಣಿ ಪ್ರಯೋಗ ವಿರಳವಾಗಿರುವುದಕ್ಕೆ ಇದರಿಂದ ಸಮರ್ಪಕ ಕಾರಣ ಸಿಗುತ್ತದೆ. ಒಂದು ಕೆಲಸಕ್ಕೆ ಸಲಕರಣೆ ಈಗಾಗಲೇ ಇರುವ ಕಡೆ ಭಾಷೆ ಇನ್ನೊಂದನ್ನು ಹೆಚ್ಚಾಗಿ ಬಳಸುವುದಿಲ್ಲ.

೪. ವಿಭಕ್ತಿಗಳ ಪ್ರಕಾರ್ಯ: ‘ಅನ್ನು’ ಮತ್ತು ‘ಗೆ’

ಆರಂಭದಲ್ಲಿ ಉಲ್ಲೇಖಿಸಿದ ‘ಅನ್ನು’ ಪ್ರತ್ಯಯವನ್ನು ಈಗ ಪರಿಶೀಲಿಸಬಹುದು. ‘ಅಡಿಕೆ ಮಾರಿದೆ’, ‘ಪೇಪರ್ ಓದಿದೆ’, ‘ಎಮ್ಮೆ ಕೊಂಡೆ’ ಎನ್ನಬಹುದು. ಆದರೆ ‘ಮೇಸ್ತ್ರಿ ಕರೆದೆ’ ಎಂದರೆ ‘ನಾನು ಮೇಸ್ತ್ರಿಯನ್ನು ಕರೆದೆ’ ಎಂಬ ಅರ್ಥ ಬರುವುದಿಲ್ಲ. ಅಲ್ಲಿ ‘ಮೇಸ್ತ್ರಿಯನ್ನು’ ಎಂದೇ ಆಗಬೇಕು. ಮನುಷ್ಯವಾಚಕಗಳಿಗೆ ಪ್ರತ್ಯಯ ಕಡ್ಡಾಯ, ಇತರ ವಸ್ತುಗಳಿಗೆ ಐಚ್ಛಿಕ ಎಂಬ ಈ ಭೇದಕ್ಕೆ ಕಾರಣ ಸರಳವಾಗಿದೆ. ಮನುಷ್ಯ ಮತ್ತು ಅಡಿಕೆಯ ನಡುವೆ ಯಾರು ಯಾರನ್ನು ಮಾರಿದರೆಂಬ ಸಂಶಯ ಹುಟ್ಟುವುದಿಲ್ಲ. ಇಬ್ಬರು ಮನುಷ್ಯರ ನಡುವೆ ಯಾರು ಕರೆದರು, ಯಾರು ಕರೆಸಿಕೊಂಡರು ಎಂಬ ಸಂಶಯ ಹುಟ್ಟುತ್ತದೆ. ಸಂಶಯಕ್ಕೆ ಎಡೆಯಿರುವ ಕಡೆ ಗುರುತು ಕಡ್ಡಾಯವಾಗುತ್ತದೆ. ಇಲ್ಲದ ಕಡೆ ಅದೇ ಗುರುತು ಬೇರೊಂದು ಕೆಲಸಕ್ಕೆ, ಅಂದರೆ ನಿರ್ದಿಷ್ಟತೆಯನ್ನು ಸೂಚಿಸುವುದಕ್ಕೆ, ಬಿಡುವಾಗುತ್ತದೆ. ‘ಎಮ್ಮೆ ಮಾರಿದ’ ಎಂದರೆ ಯಾವುದೋ ಎಮ್ಮೆ. ‘ಎಮ್ಮೆಯನ್ನು ಮಾರಿದ’ ಎಂದರೆ ನಮಗೆ ಗೊತ್ತಿರುವ ಆ ಎಮ್ಮೆ. ಕರ್ಮಪದವನ್ನು ಕ್ರಿಯಾಪದದಿಂದ ದೂರ ಸರಿಸಿ ‘ಎಮ್ಮೆಯನ್ನು ಅವನು ಹೋದ ವಾರವೇ ಮಾರಿದ’ ಎನ್ನುವಾಗಲೂ ಪ್ರತ್ಯಯ ಬೇಕೆನಿಸುತ್ತದೆ. ಪ್ರಾಣಿತ್ವ ಮತ್ತು ನಿರ್ದಿಷ್ಟತೆಗಳನ್ನು ಆಧರಿಸಿದ ಇಂತಹ ಕರ್ಮಚಿಹ್ನೆ ಜಗತ್ತಿನ ಹಲವು ಸಂಬಂಧವಿಲ್ಲದ ಭಾಷೆಗಳಲ್ಲಿಯೂ ಕಂಡುಬರುತ್ತದೆ. ಭಾಷಿಕರ ಅಗತ್ಯಗಳು ಸಮಾನವಾಗಿರುವಾಗ ಅವುಗಳ ಪರಿಹಾರಗಳೂ ಹೋಲುತ್ತವೆ ಎಂಬ ಪ್ರಕಾರ್ಯವಾದಿಗಳ ಮಾತಿಗೆ ಇದು ಪುಷ್ಟಿ ನೀಡುತ್ತದೆ.

‘ಗೆ’ ಪ್ರತ್ಯಯದ ಬಳಕೆ ಇನ್ನೂ ಕುತೂಹಲಕರ. ‘ನನಗೆ ಹಸಿವಾಗಿದೆ’, ‘ಅವಳಿಗೆ ಕನ್ನಡ ಬರುತ್ತದೆ’, ‘ಅವರಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು’ ಎಂಬ ವಾಕ್ಯಗಳಲ್ಲಿ ಚತುರ್ಥಿಯಲ್ಲಿರುವ ಪದವನ್ನು ಸಂಪ್ರದಾನವೆಂದು ಕರೆದರೆ ವಾಕ್ಯದ ಒಳಹೊಕ್ಕಂತಾಗುವುದಿಲ್ಲ. ಕ್ರಿಯಾಪದವು ‘ಹಸಿವು’, ‘ಕನ್ನಡ’, ‘ಕೆಲಸ’ ಎಂಬ ಪದಗಳೊಂದಿಗೆ ಲಿಂಗವಚನಗಳಲ್ಲಿ ಹೊಂದುತ್ತದೆ. ಆದರೆ ‘ಅವನಿಗೆ ತನ್ನ ಊರು ನೆನಪಾಯಿತು’ ಎಂಬಲ್ಲಿ ‘ತನ್ನ’ ಎಂಬುದು ‘ಅವನಿಗೆ’ ಎಂಬುದನ್ನೇ ಸೂಚಿಸುತ್ತದೆ. ಸಾಮಾನ್ಯವಾಗಿ ಕರ್ತೃವಿಗೆ ಸಲ್ಲುವ ಈ ಲಕ್ಷಣ ಇಲ್ಲಿ ಚತುರ್ಥಿಯ ಪದಕ್ಕೆ ಸಂದಿದೆ. ಎಸ್.ಎನ್. ಶ್ರೀಧರ್ ಅವರು ೧೯೭೯ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಕನ್ನಡದ ಇಂತಹ ರಚನೆಗಳನ್ನು ಮುಂದಿಟ್ಟುಕೊಂಡು ಕರ್ತೃವಿನ ಪರಿಕಲ್ಪನೆಯನ್ನೇ ಚರ್ಚಿಸಿತು.

ಪ್ರಕಾರ್ಯದ ದೃಷ್ಟಿಯಿಂದ ನೋಡಿದರೆ ಕನ್ನಡವು ಮಾಡುವವನನ್ನೂ ಅನುಭವಿಸುವವನನ್ನೂ ಬೇರ್ಪಡಿಸುತ್ತದೆ. ‘ನಾನು ಕನ್ನಡ ಕಲಿತೆ’ ಎಂಬಲ್ಲಿ ಪ್ರಯತ್ನವಿದೆ, ಇಚ್ಛೆಯಿದೆ. ‘ಕನ್ನಡ ಕಲಿ’ ಎಂದು ಆಜ್ಞಾಪಿಸಬಹುದು. ‘ನನಗೆ ಕನ್ನಡ ಬರುತ್ತದೆ’ ಎಂಬಲ್ಲಿ ಸ್ಥಿತಿ ಮಾತ್ರವಿದೆ. ಅದನ್ನು ಆಜ್ಞಾರ್ಥಕ್ಕೆ ತಿರುಗಿಸಲು ಬರುವುದಿಲ್ಲ. ಹಸಿವು, ಜ್ವರ, ನೆನಪು, ಇಷ್ಟ, ಕೋಪ, ತಿಳಿವಳಿಕೆ ಇವೆಲ್ಲ ಮನುಷ್ಯನ ಬಳಿಗೆ ಬರುವ ಸಂಗತಿಗಳೆಂಬಂತೆ ಕನ್ನಡ ನಿರೂಪಿಸುತ್ತದೆ. ಹ್ಯಾಲಿಡೇ ಹೇಳುವ ಅನುಭವ ನಿರೂಪಣೆಯ ಪ್ರಕಾರ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

೫. ಆಡುವವರ ನಿಲುವು: ‘ಅಂತೆ’, ‘ಏನೋ’, ‘ಕೊಡು’, ‘ಕೊಳ್ಳು’

ಶಾಲಾ ವ್ಯಾಕರಣದಲ್ಲಿ ಅವ್ಯಯಗಳೆಂದು ಒಟ್ಟುಗೂಡಿಸಿ ಬಿಟ್ಟ ಪುಟ್ಟ ರೂಪಗಳು ಪ್ರಕಾರ್ಯಾತ್ಮಕ ಅಧ್ಯಯನದಲ್ಲಿ ಮಹತ್ವ ಪಡೆಯುತ್ತವೆ. ಆಡುವವರು ತಮ್ಮ ಮಾತಿಗೆ ಎಷ್ಟರಮಟ್ಟಿಗೆ ಹೊಣೆಯಾಗುತ್ತಾರೆ ಎಂಬುದನ್ನು ಸೂಚಿಸುವುದು ಅವುಗಳ ಕೆಲಸ. ಭದ್ರಾವತಿಯ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ೨೦೨೩ರ ಜನವರಿಯಲ್ಲಿ ಪ್ರಕಟವಾಗಿ ಕಾರ್ಮಿಕರು ಪ್ರತಿಭಟನೆಗೆ ಇಳಿದರು. ಅದೇ ವರ್ಷ ಉತ್ಪಾದನೆ ಭಾಗಶಃ ಮತ್ತೆ ಆರಂಭವಾಯಿತು. ಇಂತಹ ಸನ್ನಿವೇಶದಲ್ಲಿ ‘ಕಾರ್ಖಾನೆ ಮುಚ್ಚುತ್ತಾರೆ’, ‘ಮುಚ್ಚುತ್ತಾರಂತೆ’, ‘ಮುಚ್ಚುತ್ತಾರೇನೋ’, ‘ಮುಚ್ಚುತ್ತಾರಲ್ಲ’ ಎಂಬ ನಾಲ್ಕು ವಾಕ್ಯಗಳು ಸಾಧ್ಯ. ಘಟನೆ ಒಂದೇ, ಕಾಲ, ಪುರುಷ, ವಚನಗಳೂ ಒಂದೇ. ಮೊದಲನೆಯದರಲ್ಲಿ ಹೇಳುವವರು ಮಾತಿಗೆ ಪೂರ್ಣ ಹೊಣೆ ಹೊರುತ್ತಾರೆ. ಎರಡನೆಯದು ಇತರರಿಂದ ಕೇಳಿದ ಸುದ್ದಿ. ಮೂರನೆಯದು ಆತಂಕದ ಊಹೆ. ನಾಲ್ಕನೆಯದು ಕೇಳುವವರಿಗೂ ತಿಳಿದ ಸಂಗತಿಯನ್ನು ಮುಂದಿಟ್ಟು ಅವರ ಪ್ರತಿಕ್ರಿಯೆಯನ್ನು ಬಯಸುತ್ತದೆ. ಜೀವನೋಪಾಯವೇ ಅನಿಶ್ಚಿತವಾದಾಗ ಸುದ್ದಿಗೂ ವದಂತಿಗೂ ಇರುವ ಅಂತರವನ್ನು ಜನ ಕಾಯ್ದುಕೊಳ್ಳುವುದು ಈ ‘ಅಂತೆ’ಯ ಮೂಲಕ. ವ್ಯಾಕರಣ ಪುಸ್ತಕದಲ್ಲಿ ಇದಕ್ಕೆ ಒಂದು ಸಾಲಿನ ಸ್ಥಾನವೂ ಇಲ್ಲದಿರುವುದು ಕೊರತೆಯೇ ಸರಿ.

ಸಹಾಯಕ ಕ್ರಿಯಾಪದಗಳಲ್ಲಿಯೂ ಇದೇ ಬಗೆಯ ಸೂಕ್ಷ್ಮತೆಯಿದೆ. ತಾಲ್ಲೂಕು ಕಚೇರಿಯ ಬಳಿ ಅರ್ಜಿ ಬರೆಯುವವರನ್ನು ‘ಅರ್ಜಿ ಬರೆದುಕೊಡಿ’ ಎಂದು ಕೇಳಿದರೆ ಕೆಲಸದ ಫಲ ಕೇಳಿದವರಿಗೆ. ‘ಬರೆದುಕೊಳ್ಳಿ’ ಎಂದರೆ ಫಲ ಬರೆಯುವವರಿಗೇ. ‘ಬರೆದುಬಿಡಿ’ ಎಂದರೆ ಕೆಲಸ ಮುಗಿದುಹೋಗಲಿ ಎಂಬ ಆತುರ ಸೇರುತ್ತದೆ. ಕೊಡು, ಕೊಳ್ಳು, ಬಿಡು ಎಂಬ ಸ್ವತಂತ್ರ ಧಾತುಗಳು ಬಳಕೆಯಲ್ಲಿ ಸವೆದು, ಮೂಲಾರ್ಥವನ್ನು ಬಹುಮಟ್ಟಿಗೆ ಕಳೆದುಕೊಂಡು, ಫಲಭಾಗಿತ್ವವನ್ನೂ ಮುಕ್ತಾಯವನ್ನೂ ಸೂಚಿಸುವ ವ್ಯಾಕರಣ ಸಾಧನಗಳಾಗಿವೆ. ಪದಗಳು ವ್ಯಾಕರಣವಾಗುವ ಈ ಪ್ರಕ್ರಿಯೆಯನ್ನು ವ್ಯಾಕರಣೀಕರಣ ಎನ್ನುತ್ತಾರೆ. ‘ಬಾ’, ‘ಬನ್ನಿ’, ‘ಬರಬೇಕು’ ಎಂಬ ಏರಿಕೆಯ ಗೌರವರೂಪಗಳು, ಆಜ್ಞೆಯ ಬದಲು ‘ಸ್ವಲ್ಪ ಸರಿಯುತ್ತೀರಾ?’ ಎಂಬ ಪ್ರಶ್ನೆಯಿಂದ ಕೆಲಸ ಸಾಧಿಸುವ ಕ್ರಮ, ಇವೆಲ್ಲವೂ ಹ್ಯಾಲಿಡೇಯವರ ಎರಡನೆಯ ಪ್ರಕಾರ್ಯದ, ಅಂದರೆ ಪರಸ್ಪರ ಸಂಬಂಧದ, ವ್ಯಾಪ್ತಿಗೆ ಸೇರುತ್ತವೆ.

೬. ಕಚೇರಿಯ ಕನ್ನಡ

ರಾಜ್ಯದ ರಾಜಭಾಷಾ ಅಧಿನಿಯಮ ಜಾರಿಗೆ ಬಂದುದು ೧೯೬೩ರಲ್ಲಿ. ಅಂದಿನಿಂದ ಆಡಳಿತ ಕನ್ನಡವೆಂಬ ಪ್ರತ್ಯೇಕ ಬಳಕೆ ಕ್ರಮೇಣ ರೂಪುಗೊಂಡಿತು. ಇದರ ಬಗೆಗಿನ ಚರ್ಚೆ ಬಹುಮಟ್ಟಿಗೆ ಪಾರಿಭಾಷಿಕ ಪದಗಳ ಸುತ್ತ ನಡೆದಿದೆ. ವಾಕ್ಯರಚನೆಯ ಕಡೆಗೆ ಸಾಕಷ್ಟು ಗಮನ ಹರಿದಿಲ್ಲ.

ಜಿಲ್ಲಾ ಕೇಂದ್ರದ ಯಾವುದೇ ಕಚೇರಿಯಿಂದ ಬರಬಹುದಾದ ಒಂದು ವಾಕ್ಯವನ್ನು ತೆಗೆದುಕೊಳ್ಳೋಣ: ‘ತಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ.’ ಇಲ್ಲಿ ಕರ್ತೃಪದವಿಲ್ಲ. ‘ಅರ್ಜಿಯನ್ನು’ ಎಂಬುದು ದ್ವಿತೀಯೆಯಲ್ಲಿಯೇ ಉಳಿದಿದೆ, ಪ್ರಥಮೆಗೆ ಏರಿಲ್ಲ. ಇಂಗ್ಲಿಷಿನ ಕರ್ಮಣಿ ಪ್ರಯೋಗ ಎರಡು ಕೆಲಸಗಳನ್ನು ಮಾಡುತ್ತದೆ: ಕರ್ಮಪದವನ್ನು ಮುಂದಕ್ಕೆ ತರುತ್ತದೆ, ಕರ್ತೃವನ್ನು ಬಿಡಲು ಅವಕಾಶ ಕೊಡುತ್ತದೆ. ಕನ್ನಡದಲ್ಲಿ ಮೊದಲ ಕೆಲಸಕ್ಕೆ ಪದಕ್ರಮವೇ ಸಾಕೆಂಬುದನ್ನು ಈಗಾಗಲೇ ಕಂಡೆವು. ಹಾಗಾದರೆ ‘ಲಾಗಿದೆ’ ರಚನೆಗೆ ಉಳಿಯುವ ಮುಖ್ಯ ಪ್ರಕಾರ್ಯವೆಂದರೆ ಕರ್ತೃವನ್ನು ಮರೆಗೆ ಸರಿಸುವುದು. ‘ನಾಳೆ ನೀರು ಸರಬರಾಜನ್ನು ನಿಲ್ಲಿಸಲಾಗುವುದು’ ಎಂಬಂತಹ ಪ್ರಕಟಣೆಯಲ್ಲಿ ಕರ್ತೃ ಯಾರೆಂಬುದು ಅಷ್ಟು ಮುಖ್ಯವಲ್ಲ. ಅಲ್ಲಿ ಈ ರಚನೆ ಉಚಿತವೇ. ಅರ್ಜಿಯ ತಿರಸ್ಕಾರದಲ್ಲಿ ಪರಿಸ್ಥಿತಿ ಬೇರೆ. ಯಾವ ಅಧಿಕಾರಿಯ ತೀರ್ಮಾನವೆಂದು ತಿಳಿಯದೆ ಪ್ರಜೆ ಮೇಲ್ಮನವಿ ಸಲ್ಲಿಸುವುದು ಯಾರ ತೀರ್ಮಾನದ ವಿರುದ್ಧ? ‘ತಹಶೀಲ್ದಾರರು ತಮ್ಮ ಅರ್ಜಿಯ ಜೊತೆ ಪಹಣಿ ಇಲ್ಲವೆಂಬ ಕಾರಣದಿಂದ ಅದನ್ನು ತಿರಸ್ಕರಿಸಿದ್ದಾರೆ’ ಎಂಬ ವಾಕ್ಯ ಉದ್ದವಾದರೂ ಅದರಲ್ಲಿ ಹೊಣೆ ಮತ್ತು ಕಾರಣ ಎರಡೂ ಇವೆ.

ಎರಡೂ ವಾಕ್ಯಗಳು ಶಾಲಾ ವ್ಯಾಕರಣದ ಪ್ರಕಾರ ಶುದ್ಧವಾಗಿವೆ. ಅವುಗಳ ನಡುವಿನ ವ್ಯತ್ಯಾಸವನ್ನು ಗುರುತಿಸಲು ಶುದ್ಧಾಶುದ್ಧಗಳ ಅಳತೆ ನೆರವಾಗುವುದಿಲ್ಲ. ಒಂದು ರಚನೆ ಯಾವ ಮಾಹಿತಿಯನ್ನು ಮುಂದಿಡುತ್ತದೆ, ಯಾವುದನ್ನು ಅಡಗಿಸುತ್ತದೆ ಎಂದು ಕೇಳುವ ವ್ಯಾಕರಣ ಮಾತ್ರ ಅದನ್ನು ಗುರುತಿಸಬಲ್ಲದು. ಆಡಳಿತ ಕನ್ನಡದ ತರಬೇತಿಯಲ್ಲಿ ಪದಕೋಶದ ಜೊತೆಗೆ ಈ ಬಗೆಯ ವಾಕ್ಯವಿಮರ್ಶೆಗೂ ಸ್ಥಾನ ದೊರೆಯಬೇಕು.

೭. ಬಹುಭಾಷಿಕ ಭದ್ರಾವತಿ ಮತ್ತು ತರಗತಿ

ಹಿಂದೆ ಬೆಂಕಿಪುರವೆಂದು ಕರೆಯಲಾಗುತ್ತಿದ್ದ ಭದ್ರಾವತಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ರೂಪುಗೊಂಡ ಮೈಸೂರು ಕಬ್ಬಿಣದ ಕಾರ್ಖಾನೆ ೧೯೨೩ರಲ್ಲಿ ಉತ್ಪಾದನೆ ಆರಂಭಿಸಿತು. ೧೯೩೬ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಕೆಲಸ ಅರಸಿ ಬಂದ ತಮಿಳು, ತೆಲುಗು, ಮಲಯಾಳಂ, ಉರ್ದು ಮನೆಮಾತಿನ ಕುಟುಂಬಗಳು ಇಲ್ಲಿ ನೆಲೆನಿಂತವು. ೧೯೬೫ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಕೇಂದ್ರದ ಕನ್ನಡ ಈ ಎಲ್ಲ ಮನೆಗಳನ್ನೂ ತಲುಪುವಂತಾಯಿತು. ಇಂತಹ ಊರಿನ ತರಗತಿಯಲ್ಲಿ ಮಕ್ಕಳ ಕನ್ನಡವನ್ನು ‘ಬೆರಕೆ’, ‘ಅಶುದ್ಧ’ ಎಂದು ಕರೆಯುವುದು ಸುಲಭ. ಪ್ರಕಾರ್ಯಾತ್ಮಕ ದೃಷ್ಟಿ ಬೇರೊಂದು ಚಿತ್ರವನ್ನು ಕೊಡುತ್ತದೆ.

‘ನನಗೆ ಹಸಿವಾಗಿದೆ’ ಎಂಬ ರಚನೆಯನ್ನೇ ನೋಡೋಣ. ತಮಿಳಿನ ‘ಎನಕ್ಕು’, ತೆಲುಗಿನ ‘ನಾಕು’, ಮಲಯಾಳಂನ ‘ಎನಿಕ್ಕು’, ದಖನಿ ಉರ್ದುವಿನ ‘ಮೇರೆಕು’ ಎಲ್ಲವೂ ಇದೇ ಜಾಗದಲ್ಲಿ ನಿಲ್ಲುತ್ತವೆ. ಅನುಭವಿಸುವವರನ್ನು ಚತುರ್ಥಿಯಲ್ಲಿಡುವ ಕ್ರಮ ಎಲ್ಲ ಮಕ್ಕಳಿಗೂ ಮನೆಯಿಂದಲೇ ಪರಿಚಿತ. ಕನ್ನಡದ ‘ಅಂತೆ’ಗೆ ಸಮನಾಗಿ ತಮಿಳಿನಲ್ಲಿ ‘ಆಮ್’, ತೆಲುಗಿನಲ್ಲಿ ‘ಅಟ’ ಇವೆ. ಕನ್ನಡದ ‘ಎಂದು’, ‘ಅಂತ’ ಮಾಡುವ ಕೆಲಸವನ್ನು ದಖನಿಯಲ್ಲಿ ‘ಬೋಲ್ಕೆ’ ಮಾಡುತ್ತದೆ. ತಮಿಳಿನ ‘ಐ’ ಪ್ರತ್ಯಯವೂ ಕನ್ನಡದ ‘ಅನ್ನು’ವಿನಂತೆ ನಿರ್ದಿಷ್ಟತೆಯನ್ನು ಸೂಚಿಸುತ್ತದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳು ದೀರ್ಘಕಾಲದ ನಿತ್ಯವ್ಯವಹಾರದಿಂದ ವಾಕ್ಯರಚನೆಯಲ್ಲಿ ಪರಸ್ಪರ ಹತ್ತಿರ ಬಂದುದನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ೧೯೭೧ರಲ್ಲಿ ತೋರಿಸಿಕೊಟ್ಟರು. ಒಂದೇ ಬಗೆಯ ಕೆಲಸಗಳಿಗೆ ಹಲವು ಭಾಷೆಗಳನ್ನು ಬಳಸುವವರಲ್ಲಿ ವ್ಯಾಕರಣಗಳು ಸಮೀಪಿಸುತ್ತವೆ ಎಂಬುದಕ್ಕೆ ಅದು ಪ್ರಸಿದ್ಧ ನಿದರ್ಶನ. ಹೀಗಾಗಿ ಭದ್ರಾವತಿಯ ಮಗು ಕನ್ನಡ ತರಗತಿಗೆ ಬರಿಗೈಯಲ್ಲಿ ಬರುವುದಿಲ್ಲ. ಪ್ರಕಾರ್ಯಗಳನ್ನು ಅದು ಆಗಲೇ ಬಲ್ಲದು. ಕಲಿಯಬೇಕಾದುದು ಅವುಗಳ ಕನ್ನಡ ರೂಪಗಳನ್ನು.

ವ್ಯತ್ಯಾಸವಿರುವ ಕಡೆಯೂ ಈ ದೃಷ್ಟಿ ಉಪಯುಕ್ತ. ತೆಲುಗು ಮನೆಮಾತಿನ ಮಗು ‘ಅಕ್ಕ ಬಂತು’ ಎಂದು ಬರೆಯಬಹುದು. ತೆಲುಗಿನಲ್ಲಿ ಏಕವಚನದ ಸ್ತ್ರೀವಾಚಕಗಳಿಗೂ ಮನುಷ್ಯೇತರ ವಾಚಕಗಳಿಗೂ ಕ್ರಿಯಾಪದ ಒಂದೇ. ಪುರುಷರನ್ನು ಒಂದು ಕಡೆಗೂ ಉಳಿದುದನ್ನು ಇನ್ನೊಂದು ಕಡೆಗೂ ಇಡುವ ಆ ವಿಂಗಡಣೆಯನ್ನು ಮಗು ಕನ್ನಡಕ್ಕೆ ತಂದಿದೆ. ಕುತೂಹಲದ ವಿಷಯವೆಂದರೆ ಇದೇ ಜಿಲ್ಲೆಯ ಸಾಗರ ಸೀಮೆಯ ಹವ್ಯಕ ಕನ್ನಡದಲ್ಲಿಯೂ ಸ್ತ್ರೀಯರಿಗೆ ನಪುಂಸಕದ ಕ್ರಿಯಾರೂಪ ಬಳಕೆಯಲ್ಲಿದೆ. ಒಂದು ಮಗುವಿನ ಬರಹದಲ್ಲಿ ಅನ್ಯಭಾಷಾ ದೋಷವೆನಿಸಿದುದು ಇನ್ನೊಂದು ಮಗುವಿನ ಮನೆಯಲ್ಲಿ ಕನ್ನಡವೇ ಆಗಿದೆ. ಇದರಿಂದ ‘ಎಲ್ಲವೂ ಸರಿ’ ಎಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಶಿಷ್ಟ ಬರಹದಲ್ಲಿ ‘ಅಕ್ಕ ಬಂದಳು’ ಎಂದು ಬರೆಯುವುದನ್ನು ಮಗು ಕಲಿಯಲೇಬೇಕು; ಅದು ಅದರ ಹಕ್ಕು ಕೂಡ. ಆದರೆ ಕೆಂಪು ಶಾಯಿಯ ಗೆರೆ ಎಳೆಯುವ ಅಧ್ಯಾಪಕರಿಗೆ ಮಗುವಿನ ವಾಕ್ಯದ ಹಿಂದೆ ಒಂದು ನಿಯಮವಿದೆಯೆಂಬ ಅರಿವಿದ್ದರೆ ತಿದ್ದುವ ರೀತಿಯೇ ಬದಲಾಗುತ್ತದೆ. ತನ್ನ ಮನೆಮಾತಿನ ಬಗ್ಗೆ ನಾಚಿಕೆಪಡದೆ ಮಗು ಇನ್ನೊಂದು ಸಂದರ್ಭದ ಭಾಷೆಯನ್ನು ಸೇರಿಸಿಕೊಳ್ಳುತ್ತದೆ.

೮. ಮಿತಿಗಳು

ಪ್ರಕಾರ್ಯಾತ್ಮಕ ವಿಧಾನದಿಂದ ಎಲ್ಲವನ್ನೂ ವಿವರಿಸಬಹುದೆಂದು ಭಾವಿಸುವುದು ಅತಿಯಾದೀತು. ‘ಬಾ’ ಧಾತುವಿನ ಭೂತರೂಪ ‘ಬಂದ’, ‘ನಿಲ್ಲು’ವಿನದು ‘ನಿಂತ’ ಏಕೆ ಎಂಬುದಕ್ಕೆ ಇಂದಿನ ಬಳಕೆಯಲ್ಲಿ ಯಾವ ಪ್ರಕಾರ್ಯವೂ ಇಲ್ಲ. ಉತ್ತರ ಭಾಷೆಯ ಚರಿತ್ರೆಯಲ್ಲಿದೆ. ಸಂಧಿ ನಿಯಮಗಳಲ್ಲಿ ಹಲವು ಧ್ವನಿಗೆ ಸಂಬಂಧಿಸಿದವು. ಪ್ರತಿಯೊಂದು ರೂಪಕ್ಕೂ ಒಂದು ಉದ್ದೇಶವನ್ನು ಆರೋಪಿಸುತ್ತ ಹೋದರೆ ವಿವರಣೆ ಊಹೆಯಾಗಿಬಿಡುವ ಅಪಾಯವೂ ಇದೆ. ಈ ಅಪಾಯವನ್ನು ತಪ್ಪಿಸುವ ದಾರಿ ಪಠ್ಯಾಧಾರ. ರೂಪ ಬದಲಾದಾಗ ಸಂದರ್ಭವೂ ಬದಲಾಗುತ್ತದೆಯೇ ಎಂಬುದನ್ನು ನೈಜ ಮಾತಿನ, ನೈಜ ಬರಹದ ಸಂಗ್ರಹಗಳಲ್ಲಿ ಪರೀಕ್ಷಿಸಬೇಕು. ಈ ಲೇಖನದ ಮಾದರಿ ವಾಕ್ಯಗಳು ಪ್ರಶ್ನೆಗಳನ್ನು ಎತ್ತಬಲ್ಲವು. ಅವುಗಳಿಗೆ ಅಂತಿಮ ಉತ್ತರ ಸಿಗುವುದು ಮಾರುಕಟ್ಟೆ, ಕಚೇರಿ, ಕಾರ್ಖಾನೆ, ತರಗತಿಗಳ ಮಾತನ್ನು ಧ್ವನಿಮುದ್ರಿಸಿ, ಲಿಪ್ಯಂತರಿಸಿ, ಸಂದರ್ಭದ ವಿವರಗಳೊಡನೆ ಗ್ರಂಥಾಲಯಗಳಲ್ಲಿ ಕಾದಿಡುವ ಕೆಲಸದಿಂದ. ಉಪಭಾಷೆಗಳ ಪದಸಂಗ್ರಹಕ್ಕೆ ನಮ್ಮಲ್ಲಿ ಒಳ್ಳೆಯ ಪರಂಪರೆಯಿದೆ. ಸಂಭಾಷಣೆಯ ಸಂಗ್ರಹಕ್ಕೂ ಅಂತಹ ಪರಂಪರೆ ಬೆಳೆಯಬೇಕಾಗಿದೆ.

೯. ಸಮಾರೋಪ

ಕನ್ನಡದಲ್ಲಿ ಪದಕ್ರಮ ತಿಳಿದುದನ್ನೂ ಹೊಸತನ್ನೂ ಬೇರ್ಪಡಿಸುತ್ತದೆ. ‘ಅನ್ನು’ ಸಂಶಯವನ್ನು ನಿವಾರಿಸಿ ನಿರ್ದಿಷ್ಟತೆಯನ್ನು ತೋರಿಸುತ್ತದೆ. ‘ಗೆ’ ಅನುಭವಿಸುವವರನ್ನು ಮಾಡುವವರಿಂದ ಪ್ರತ್ಯೇಕಿಸುತ್ತದೆ. ‘ಅಂತೆ’ ಮಾತಿನ ಹೊಣೆಯನ್ನು ಅಳೆಯುತ್ತದೆ. ‘ಲಾಗಿದೆ’ ಹೊಣೆಗಾರರನ್ನು ಮರೆಮಾಡುತ್ತದೆ. ಈ ಐದು ಸಂಗತಿಗಳಲ್ಲಿ ಯಾವುದೂ ರೂಪಗಳ ಪಟ್ಟಿಯಿಂದ ತಿಳಿಯುವಂಥದಲ್ಲ. ಆದರೆ ಕನ್ನಡ ಬಲ್ಲ ಪ್ರತಿಯೊಬ್ಬರೂ ಇವನ್ನು ಪ್ರತಿದಿನ ಬಳಸುತ್ತಾರೆ. ಜನ ಬಲ್ಲ ಈ ವ್ಯಾಕರಣವನ್ನು ಶಾಲೆ ಕಲಿಸುವ ವ್ಯಾಕರಣದೊಳಗೆ ತರುವುದು ಪ್ರಕಾರ್ಯಾತ್ಮಕ ವಿಧಾನದ ಉದ್ದೇಶ. ವಿವಕ್ಷೆಗೆ ಮನ್ನಣೆ ಕೊಟ್ಟ ಪರಂಪರೆಯೊಂದು ನಮ್ಮ ಹಿಂದೆ ಇರುವುದರಿಂದ ಇದನ್ನು ಹೊರಗಿನ ಆಮದೆಂದು ಶಂಕಿಸಬೇಕಾಗಿಲ್ಲ. ಪಠ್ಯಪುಸ್ತಕ ರಚನೆಕಾರರು, ಅಧ್ಯಾಪಕ ತರಬೇತಿ ಸಂಸ್ಥೆಗಳು ಮತ್ತು ಆಡಳಿತ ಕನ್ನಡದ ತರಬೇತುದಾರರು ಈ ಮೂರು ನೆಲೆಗಳಲ್ಲಿ ಇದನ್ನು ಪ್ರಯೋಗಿಸಿ ನೋಡಿದರೆ, ಕನ್ನಡ ವ್ಯಾಕರಣ ಪರೀಕ್ಷೆಗೆ ಕಂಠಪಾಠ ಮಾಡುವ ವಿಷಯವಾಗಿ ಉಳಿಯದೆ, ತಮ್ಮ ಮಾತನ್ನೂ ತಮಗೆ ಬರುವ ಕಾಗದಪತ್ರಗಳನ್ನೂ ಜನ ಅರ್ಥಮಾಡಿಕೊಳ್ಳುವ ಸಾಧನವಾದೀತು.